ಪೆನ್ಸಿಲಿನವರು

ಕೋಟಿನ ಜೇಬಿನಲ್ಲಿದ್ದ ಅಳಿಸುವ ರಬ್ಬರನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎಂಬುದು ಬೆಳಿಗ್ಗೆಯಿಂದ ತೀರ್ಮಾನವಾಗದೆ ಅವನ ತಲೆ ತಿನ್ನುತ್ತಿತ್ತು. ಐವತ್ತೇಳು ವರ್ಷದ ಮನುಷ್ಯ, ಸರ್ಕಾರಿ ಆಸ್ಪತ್ರೆಯ ಎದೆರೋಗದ ವಿಭಾಗಕ್ಕೆ ಹದಿನೆಂಟು ವರ್ಷದಿಂದ ಮುಖ್ಯಸ್ಥ, ಊರಿನ ಅರ್ಧ ಜನ ‘ಎದೆ ಡಾಕ್ಟ್ರು’ ಎಂದೇ ಕರೆಯುವವನು, ಎರಡನೆಯ ಕ್ಲಾಸಿನ ಹುಡುಗನ ಹಾಗೆ ಒಂದು ತುಂಡು ರಬ್ಬರಿಗೆ ಹೆದರಿ ಕನ್ನಡಿಯ ಮುಂದೆ ನಿಂತಿದ್ದ. ಎಸೆದರೆ ತಾನೇ ಏನೋ ಮುಚ್ಚಿಟ್ಟ ಹಾಗೆ. ಇಟ್ಟುಕೊಂಡು ಹೋದರೆ ಹನ್ನೊಂದು ಗಂಟೆಗೆ ವಿಚಾರಣೆಯ ಮೇಜಿನ ಮುಂದೆ ಕೂತಾಗ ಪಕ್ಕೆಗೆ ಒತ್ತುತ್ತಿರುತ್ತದೆ. ಯಾರು ತಾನೇ ನನ್ನ ಜೇಬು ತಡಕುತ್ತಾರೆ, ಅಷ್ಟು ಧೈರ್ಯ ಯಾರಿಗಿದೆ ಎಂದು ತನ್ನನ್ನು ತಾನೇ ಬೈದುಕೊಳ್ಳುವಷ್ಟರಲ್ಲಿ ಹೆಂಡತಿ ಹಿಂದಿನಿಂದ ಬಂದು ಹೆಗಲು ಮುಟ್ಟಿದಳು. ಅವನು ಬೆಚ್ಚಿಬಿದ್ದ. “ಬಾಗಿಲ ಗಂಟೆ ನಾಲ್ಕು ಸಲ ಬಾರಿಸಿದ್ರು. ಇಲ್ಲೇ ಇದ್ದೀರಿ, ಹೋಗಿ ತೆಗೆಯೋಕೇನು?” “ನನಗೇನು ಬೇರೆ ಕೆಲಸ ಇಲ್ವಾ?” “ಕೆಲಸ ಇತ್ತೋ, ಕೇಳಿಸ್ಲಿಲ್ವೋ?” “ನೀನು ಮೊದಲು ಬಾಯಿ ಬಿಟ್ಟು ಮಾತಾಡೋದು ಕಲಿ. ಮೂಗಿನೊಳಗೇ ಮಾತಾಡಿದ್ರೆ ದೇವರಿಗೂ ಕೇಳಿಸಲ್ಲ” ಎಂದು ರೇಗಿದ. ಅವಳು ತುಟಿ ಅಲ್ಲಾಡಿಸಿದಳು. ಏನಾದರೂ ಅಂದಳೋ, ಸುಮ್ಮನೆ ತುಟಿ ಕಚ್ಚಿಕೊಂಡಳೋ ಅವನಿಗೆ ತಿಳಿಯಲಿಲ್ಲ. ಎರಡು ವರ್ಷದಿಂದ ಹೀಗೆಯೇ. ಮೊದಲು ಹೋದದ್ದು ಹಕ್ಕಿಗಳ ಸದ್ದು. ಅದೇನು ಮಹಾ ನಷ್ಟ ಎಂದುಕೊಂಡಿದ್ದ. ಆಮೇಲೆ ಬಾಗಿಲ ಗಂಟೆ, ಫೋನು, ಹೆಂಗಸರ ಮಾತಿನ ತುದಿಗಳು. ಆಮೇಲೆ ಒಂದು ಮಧ್ಯಾಹ್ನ, ಮುದುಕನೊಬ್ಬನ ಬೆನ್ನ ಮೇಲೆ ಸ್ಟೆತಾಸ್ಕೋಪು ಇಟ್ಟಾಗ, ಶ್ವಾಸಕೋಶದ ತಳದಲ್ಲಿ ಕೂದಲು ತಿಕ್ಕಿದ ಹಾಗೆ ಬರಬೇಕಾದ ಆ ಸಣ್ಣ ಸದ್ದು. ಯಾವ ಸದ್ದು ಹಿಡಿದು ಅವನು ಹೆಸರು ಮಾಡಿದ್ದನೋ ಅದೇ ಹೋಗಿತ್ತು. ಯಾವ ಸದ್ದು ಎಷ್ಟು ಕೇಳಿಸುತ್ತದೆ ಎಂಬ ತನ್ನ ಕಿವಿಯ ನಕ್ಷೆಯನ್ನು ಪರೀಕ್ಷೆಯಿಲ್ಲದೆ ತಾನೇ ಬರೆದುಕೊಡಬಲ್ಲ; ಎಲ್ಲಿಂದ ಗೆರೆ ಕೆಳಗಿಳಿಯುತ್ತದೆ ಎಂದು ಬೆರಳಿಟ್ಟು ತೋರಿಸಬಲ್ಲ. ಯಾರಿಗೂ ಹೇಳಿರಲಿಲ್ಲ. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ಎದೆ ಡಾಕ್ಟ್ರು ಎಂದು ವಿದ್ಯಾರ್ಥಿಗಳು ಕ್ಯಾಂಟೀನಿನಲ್ಲಿ ಕೂತು ನಗುವುದನ್ನು ಊಹಿಸಿಕೊಂಡೇ ಅವನ ಮೈ ಉರಿಯುತ್ತಿತ್ತು. ರಬ್ಬರು ಜೇಬಿನಲ್ಲಿಯೇ ಉಳಿಯಿತು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಬೂದು ಕೋಟಿನ ನಾಲ್ವರು ನಿಂತಿದ್ದರು. ಅವನನ್ನು ಕಂಡು ಪಕ್ಕಕ್ಕೆ ಸರಿದು “ನಮಸ್ಕಾರ ಸಾರ್” ಅಂದರು. ಅವನು ತಲೆಯನ್ನು ಎಷ್ಟು ಕಡಿಮೆ ಅಲ್ಲಾಡಿಸಬಹುದೋ ಅಷ್ಟೇ ಅಲ್ಲಾಡಿಸಿದ. ಸಹವೈದ್ಯರಂತೆ! ಎರಡೇ ವರ್ಷದ ಕೋರ್ಸು, ಕೊರಳಲ್ಲೊಂದು ಸ್ಟೆತಾಸ್ಕೋಪು, ನಡಿಗೆಯಲ್ಲಿ ಆಗಲೇ ಕೊಂಬು. ಡಾಕ್ಟರುಗಳು ಸಾಲುತ್ತಿಲ್ಲ, ಹೊಸಬರನ್ನು ತಯಾರು ಮಾಡಲು ಸರ್ಕಾರಕ್ಕೆ ಪುರಸೊತ್ತಿಲ್ಲ. ಹೀಗಾಗಿ ಅರೆಬೆಂದವರನ್ನು ಬಡಿಸುವ ಏರ್ಪಾಡು. ಅವರನ್ನು ಹದ್ದುಬಸ್ತಿನಲ್ಲಿಡಲು ಒಂದು ನೋಂದಣಿ ಮಂಡಳಿ. ಮಂಡಳಿಗೆ ನಿಯಮ ಬರೆದುಕೊಡಲು ಒಂದು ಸಮಿತಿ. ಆ ಸಮಿತಿಯಲ್ಲಿ ಅವನೂ ಇದ್ದ. ಅವರ ಹೆಸರಿನ ಬಿಲ್ಲೆಯ ಬಣ್ಣಕ್ಕೆ ಆರು ಸಭೆ ನಡೆದಿದ್ದವು. ಕೋಟು ಮೊಣಕಾಲಿಗಿಂತ ಎಷ್ಟು ಮೇಲಿರಬೇಕು ಎಂಬುದಕ್ಕೆ ಎರಡು ಸಭೆ, ಡಾಕ್ಟರುಗಳ ಕೋಟಿಗಿಂತ ಗಿಡ್ಡವಿದ್ದರೆ ರೋಗಿಗಳಿಗೆ ಗೊಂದಲವಾಗುವುದಿಲ್ಲ ಎಂದು. ರೋಗಿಗಳೋ, ಯಾರು ಮೊದಲು ಮುಖವೆತ್ತಿ ನೋಡುತ್ತಾರೋ ಅವರನ್ನೇ ಡಾಕ್ಟ್ರೇ ಅನ್ನುತ್ತಿದ್ದರು. ಇವರು ರೋಗಿಯ ಹಾಳೆಯ ಮೇಲೆ ಬರೆಯಬಹುದೇ ಎಂಬ ಪ್ರಶ್ನೆ ಬಂದಾಗ ಪೆನ್ಸಿಲಿನ ಉಪಾಯ ಹೊಳೆದದ್ದು ಅವನಿಗೇ. ಸಹವೈದ್ಯರು ತಾವು ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯಲಿ. ಡಾಕ್ಟರು ನೋಡಿ, ಒಪ್ಪಿಗೆಯಾದರೆ ಅದರ ಮೇಲೆಯೇ ಇಂಕಿನಲ್ಲಿ ತಿದ್ದಲಿ. ಒಪ್ಪಿಗೆಯಾಗದಿದ್ದರೆ ಅಳಿಸಿ ತಾವು ಬರೆಯಲಿ. ಸಭೆಯಲ್ಲಿ ಎಲ್ಲರೂ ಮೇಜು ಕುಟ್ಟಿದ್ದರು. ಅಳಿಸಿದ ಮೇಲೆ ಅಳಿಸಿದ್ದು ಏನು ಎಂದು ಗೊತ್ತಾಗುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಮಾರನೆಯ ತಿಂಗಳಿಂದ ಇಡೀ ಆಸ್ಪತ್ರೆ ಅವರನ್ನು ಪೆನ್ಸಿಲಿನವರು ಎಂದು ಕರೆಯತೊಡಗಿತು. ಹೆಸರಿಟ್ಟವನು ತಾನೇ ಎಂದು ಅವನು ಎಷ್ಟೋ ಊಟದ ಮೇಜುಗಳಲ್ಲಿ ಹೇಳಿಕೊಂಡು ನಗಿಸಿದ್ದ.

ಅವನ ವಿಭಾಗಕ್ಕೆ ಬಂದವಳು ನಲವತ್ತರ ಹೆಂಗಸು. ಹನ್ನೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು, ಆಮೇಲೆ ಓದಿ ಬೂದು ಕೋಟು ತೊಟ್ಟವಳು. ಬಸುರಿಯ ಹೊಟ್ಟೆಯ ಮೇಲೆ ಮರದ ಕೊಳವೆ ಇಟ್ಟು, ಕಿವಿಯಾನಿಸಿ, ಎರಡು ಗುಂಡಿಗೆಗಳ ಗದ್ದಲದೊಳಗಿಂದ ಚಿಕ್ಕದನ್ನು ಹೆಕ್ಕಿ ಎಣಿಸಿದ ಕಿವಿ ಅವಳದು. ಮಾತು ಕಡಿಮೆ. ರೋಗಿಯ ಬೆನ್ನ ಮೇಲೆ ಸ್ಟೆತಾಸ್ಕೋಪು ಇಟ್ಟಾಗ ಕಣ್ಣು ಮುಚ್ಚುತ್ತಿದ್ದಳು. ಅದು ಅವನಿಗೆ ನಾಟಕದ ಹಾಗೆ ಕಂಡು ಮೂಗು ಮುರಿದಿದ್ದ. ಮೊದಲ ವಾರವೇ ಒಂದು ದಿನ ಅವನು ಒಬ್ಬಳು ಮುದುಕಿಯ ಎದೆ ಆಲಿಸಿ, ಏನೂ ಕೇಳಿಸದೆ, ಏನು ಬರೆಯಲಿ ಎಂದು ಹಾಳೆಯತ್ತ ಬಗ್ಗಿದ. ಅಲ್ಲಿ ಸಣ್ಣ ದುಂಡು ಅಕ್ಷರಗಳಲ್ಲಿ, ಪೆನ್ಸಿಲಿನಲ್ಲಿ ಇತ್ತು: ಬಲಗಡೆ, ತಳದಲ್ಲಿ, ಉಸಿರೆಳೆದಾಗ ಕೊನೆಯಲ್ಲಿ ಸಣ್ಣ ಸದ್ದು. ಅವನ ಪೆನ್ನು ತಾನಾಗಿಯೇ ಆ ಅಕ್ಷರಗಳ ಮೇಲೆ ಹರಿಯಿತು. ಬರೆಯುತ್ತಿದ್ದಾಗ ಅವನಿಗೆ ಆದದ್ದು ನಾಚಿಕೆಯಲ್ಲ, ನಿರಾಳ. ಅದನ್ನು ಆಮೇಲೆ ನೆನೆದಾಗಲೆಲ್ಲ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು. ಅಲ್ಲಿಂದ ಎರಡು ವರ್ಷ ಅವಳು ಆಲಿಸಿದ್ದಕ್ಕೆ ಅವನು ಇಂಕು ಹಚ್ಚಿದ. ಅವಳು ಮೊದಲು ನೋಡಬೇಕು, ತಾನು ಆಮೇಲೆ ಬರುತ್ತೇನೆ ಎಂದು ಒಂದು ಶಿಸ್ತು ಮಾಡಿಟ್ಟ. ಸ್ಟೆತಾಸ್ಕೋಪು ಇಟ್ಟು, ಎಷ್ಟು ಹೊತ್ತು ಇಟ್ಟರೆ ಮರ್ಯಾದೆಯೋ ಅಷ್ಟು ಹೊತ್ತು ಇಟ್ಟು, ಹುಬ್ಬು ಗಂಟಿಕ್ಕಿ, ಹೂಂ ಎಂದು, ಅವಳ ಅಕ್ಷರಗಳನ್ನು ತಿದ್ದುತ್ತಿದ್ದ. ಅವಳಿಗೆ ಯಾವತ್ತು ಗೊತ್ತಾಯಿತೋ. ಗೊತ್ತಾಗಿತ್ತು ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ, ಯಾಕೆಂದರೆ ಒಂದು ಘಟ್ಟದಿಂದ ಅವಳ ಅಕ್ಷರಗಳು ದೊಡ್ಡವಾದವು, ಅವನು ಬಗ್ಗದೆ ಓದಲಿ ಎಂಬಂತೆ. ಆ ದಯೆಯನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಅವಳು ಹತ್ತು ನಿಮಿಷ ತಡವಾಗಿ ಬಂದರೆ ಎಲ್ಲರೆದುರು ಗದರುತ್ತಿದ್ದ, ಕೋಟಿನ ಗುಂಡಿ ಬಿಟ್ಟಿದ್ದರೆ ಮೆಮೊ ಕೊಡುತ್ತಿದ್ದ.

ಮಂಡಳಿಯ ಕೋಣೆ ಮೂರನೆಯ ಮಹಡಿಯಲ್ಲಿತ್ತು. ಹೊರಗೆ ಬೆಂಚಿನ ಮೇಲೆ, ಅವನ ವಾರ್ಡಿನಲ್ಲಿ ಸತ್ತ ಒಬ್ಬ ಬಡಗಿಯ ಅಕ್ಕ ಕೂತಿದ್ದಳು. ದೂರು ಕೊಟ್ಟವಳು ಅವಳೇ. ಅವಳಿಂದ ಎರಡು ಮೊಳ ಬಿಟ್ಟು ಸಹವೈದ್ಯೆ ನಿಂತಿದ್ದಳು, ಗುಂಡಿಗಳನ್ನೆಲ್ಲ ಹಾಕಿಕೊಂಡು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಮಂಡಳಿಯ ಅಧ್ಯಕ್ಷ ಅವನ ಜೊತೆ ಓದಿದವನು, ಒಂದೇ ಕೋಣೆಯಲ್ಲಿ ಮೂರು ವರ್ಷ ಮಲಗಿದವನು. ಕಾಗದದ ಕಟ್ಟು ಹಿಡಿದು ಬಂದವನೇ ಅವನ ಹೆಗಲ ಮೇಲೆ ಕೈಹಾಕಿ ಕಿಟಕಿಯ ಹತ್ತಿರ ಎಳೆದೊಯ್ದ. “ತಲೆ ಕೆಡಿಸ್ಕೋಬೇಡ ಕಣಯ್ಯ, ಹತ್ತು ನಿಮಿಷದ ಕೆಲಸ. ಪೆನ್ಸಿಲಿನೋಳು ಬರೆದಿದ್ಲು, ನೀನು ನಂಬಿ ತಿದ್ದಿದೆ. ನಂಬಿದ್ದೇ ತಪ್ಪು ಅಂತ ನಿನಗೆ ಒಂದು ಮಾತು ಅಂದ ಹಾಗೆ ಮಾಡ್ತೀನಿ, ಅಷ್ಟೇ. ನಿನ್ನ ಕಿವಿ ಯಾರಿಗೆ ಗೊತ್ತಿಲ್ಲ?” ಕೊನೆಯ ಮಾತಿಗೆ ಅವನು ತಟ್ಟನೆ ಅಧ್ಯಕ್ಷನ ಮುಖ ನೋಡಿದ, ಆಮೇಲೆ, ಹೊಗಳಿಕೆ ಎಂದು ಅರ್ಥವಾಗಿ, ಹಲ್ಲು ಬಿಟ್ಟ. ನಕ್ಕ ಮುಖ ಕಿಟಕಿಯ ಗಾಜಿನಲ್ಲಿ ಕಂಡಿತು. ಇಂಥ ಮುಖವನ್ನು ಬೇರೆಯವರ ಮೇಲೆ ಕಂಡಿದ್ದರೆ ಅವನು ಎರಡನೆಯ ಸಲ ನೋಡುತ್ತಿರಲಿಲ್ಲ.

ಬಡಗಿಗೆ ಮೂವತ್ತನಾಲ್ಕು ವರ್ಷ. ಮರದ ಪುಡಿಯ ಕೆಮ್ಮು ಎಂದುಕೊಂಡು ಅಕ್ಕನ ಜೊತೆ ಬಂದಿದ್ದ. ಆವತ್ತು ಎದೆ ಡಾಕ್ಟ್ರ ಸುತ್ತ ಎಂಟು ಮಂದಿ ವಿದ್ಯಾರ್ಥಿಗಳು. ಅವನು ಸ್ಟೆತಾಸ್ಕೋಪು ಇಟ್ಟು, ಹೆಸರಾಂತ ಮೌನವನ್ನು ಮಾಡಿ, ಇನ್ನೂ ಹಾಳೆ ನೋಡುವ ಮೊದಲೇ, ಮಾತಿನ ಓಘದಲ್ಲಿ, ‘ಎದೆ ಸ್ವಚ್ಛವಾಗಿದೆ’ ಅಂದುಬಿಟ್ಟ. ಸಹವೈದ್ಯೆ ಹಾಳೆಯನ್ನು ಅವನ ಕಡೆ ತುಸು ಸರಿಸಿದಳು. ಅವನು ನೋಡಲಿಲ್ಲ. ಆಗ ಅವಳು ಬಾಯಿಬಿಟ್ಟಳು, “ಸಾರ್, ಎಡಗಡೆ ಕೆಳಗೆ ಉಸಿರೇ ಕೇಳಿಸ್ತಿಲ್ಲ. ಇನ್ನೊಂದ್ಸಲ ಇಟ್ಟು ನೋಡಿ ಸಾರ್.” ಇನ್ನೊಂದ್ಸಲ! ಎಂಟು ಜೊತೆ ಕಣ್ಣುಗಳು ಅವನ ಮುಖಕ್ಕೆ ಬಂದವು. ಒಬ್ಬ ವಿದ್ಯಾರ್ಥಿ ಪಕ್ಕದವಳನ್ನು ಮೊಣಕೈಯಿಂದ ತಿವಿದ; ಬೇರೆ ಯಾವುದಕ್ಕೋ ಇರಬಹುದು, ಇದಕ್ಕೇ ಇರಬಹುದು. “ಹೆರಿಗೆ ವಾರ್ಡಿಂದ ಬಂದೋರಿಗೆ ಎದೆಯೊಳಗೂ ಮಗುನೇ ಹುಡುಕೋ ಅಭ್ಯಾಸ” ಎಂದ. ಹುಡುಗರು ಘೊಳ್ಳೆಂದರು, ಬಡಗಿಯೂ, ಏನೋ ತಮಾಷೆ ಇರಬೇಕೆಂದು, ಅಂಗಿ ಇಳಿಸಿಕೊಳ್ಳುತ್ತ ನಕ್ಕ. ಅವನು ಜೇಬಿನಿಂದ ರಬ್ಬರು ತೆಗೆದು ಅವಳು ಬರೆದದ್ದನ್ನು ಎಲ್ಲರೆದುರು ನಿಧಾನವಾಗಿ ಅಳಿಸಿದ, ಪುಡಿಯನ್ನು ಊದಿದ, ಅವಳ ಚಿಕ್ಕ ಸಹಿಯನ್ನು ಹಾಗೇ ಬಿಟ್ಟು ಅದರ ಮೇಲ್ಗಡೆ ಇಂಕಿನಲ್ಲಿ ಬರೆದ. ಬೆರಳಿನಿಂದ ಬೆನ್ನು ತಟ್ಟಿ ನೋಡಿದ್ದರೆ ಸಾಕಿತ್ತು. ನೀರು ತುಂಬಿದ ಜಾಗ ಬೆರಳಿಗೇ ಗೊತ್ತಾಗುತ್ತದೆ, ಕಲ್ಲು ತಟ್ಟಿದ ಹಾಗೆ. ಅವನ ಬೆರಳುಗಳಿಗೇನೂ ಆಗಿರಲಿಲ್ಲ. ತಟ್ಟಿದರೆ ಅವಳ ಮಾತಿಗೆ ಬೆಲೆ ಕೊಟ್ಟ ಹಾಗಾಗುತ್ತದೆ ಎಂದು ತಟ್ಟಲಿಲ್ಲ. ಐದನೆಯ ದಿನ ಬಡಗಿಯನ್ನು ಹೊತ್ತು ತಂದರು. ಎಡಗಡೆ ಎಲ್ಲ ಕೀವು. ವಿಷ ರಕ್ತಕ್ಕೆ ಏರಿತ್ತು. ಅವನೇ ಸೂಜಿ ಹಾಕಿ ತೆಗೆದ, ಎರಡು ಬಾಟಲಿ ತುಂಬಿತು, ತೆಗೆಯುವಾಗ ಅವಳೇ ಬಾಟಲಿ ಹಿಡಿದುಕೊಂಡಿದ್ದಳು. ಬೈದಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು.

“ಹಾಳೆಯಲ್ಲಿ ಇಂಕಿನಲ್ಲಿ ಎದೆ ಸ್ವಚ್ಛ ಅಂತಿದೆ. ಕೆಳಗೆ ಪರೀಕ್ಷಿಸಿದ ಸಹವೈದ್ಯರ ಚಿಕ್ಕ ಸಹಿ ಇದೆ” ಎಂದು ಅಧ್ಯಕ್ಷ ಹಾಳೆಯನ್ನು ಬೆಳಕಿಗೆ ಹಿಡಿದ. ಗಾಜು ಹೊದಿಸಿದ ಉದ್ದ ಮೇಜು, ಆ ಕಡೆ ನಾಲ್ವರು ಸದಸ್ಯರು, ಎಲ್ಲರ ಮುಂದೆ ಚಹಾದ ಲೋಟ. ಫ್ಯಾನಿನ ಸದ್ದಿನಲ್ಲಿ ಅವನಿಗೆ ಅರ್ಧ ಮಾತು ಸಿಗುತ್ತಿತ್ತು, ಉಳಿದದ್ದನ್ನು ತುಟಿಗಳಿಂದ ಹೆಕ್ಕಿಕೊಳ್ಳುತ್ತಿದ್ದ. ಒಬ್ಬ ಸದಸ್ಯೆ ಹಾಳೆಯ ಮೇಲೆ ಹೆಬ್ಬೆರಳು ಆಡಿಸಿ “ಇಲ್ಲಿ ಯಾಕೋ ತರಿತರಿ ಇದೆಯಲ್ಲ” ಅಂದಳು. “ಸರ್ಕಾರಿ ಕಾಗದ ಮೇಡಂ, ಎಲ್ಲಾ ಕಡೆ ತರಿತರಿ” ಎಂದು ಅಧ್ಯಕ್ಷ ಅಂದಾಗ ಎಲ್ಲರೂ ನಕ್ಕರು. ಅವನೂ ನಕ್ಕ. ಬಡಗಿಯ ಅಕ್ಕ ನಗಲಿಲ್ಲ. ಎದ್ದು ನಿಂತು ಕೈ ತೋರಿಸುತ್ತ ಏನೋ ಹೇಳತೊಡಗಿದಳು. ಅವಳ ದನಿ ಎತ್ತರದ್ದು, ಅವನಿಗೆ ಮೊನೆ ಮುರಿದು ಮುರಿದು ಬರುತ್ತಿತ್ತು. “ಈಯಮ್ಮನೇ ಅಲ್ವಾ ಎರಡು ಸಲ ಇಟ್ಟು ನೋಡಿದ್ದು? ಕಣ್ಣು ಮುಚ್ಕೊಂಡು ಎಷ್ಟು ಹೊತ್ತು ನೋಡಿದ್ರು. ಇವರು ಹುಡುಗರ ಹತ್ರ ಮಾತಾಡ್ತಾ ಬಂದ್ರು, ಒಂದ್ಸಲ ಇಟ್ರು, ತೆಗೆದ್ರು. ಎಲ್ಲರೂ ನಗ್ತಾ ಇದ್ರು. ಯಾಕೆ ನಕ್ಕಿದ್ದು ಅಂತ ನನ್ನ ತಮ್ಮ ಮನೇಗೆ ಬಂದು ಕೇಳ್ತಿದ್ದ.” ಅಧ್ಯಕ್ಷ ಕೈಯೆತ್ತಿ “ಕೂತ್ಕೊಳ್ಳಿ ತಾಯಿ, ದುಃಖ ಅರ್ಥ ಆಗುತ್ತೆ, ಇದು ವೈದ್ಯಕೀಯ ವಿಷಯ” ಅಂದ. ಆಕೆ ಕೂರಲಿಲ್ಲ. ಅವನು ಆ ಕ್ಷಣ ಕುರ್ಚಿಯಲ್ಲಿ ಮುಂದಕ್ಕೆ ಸರಿದ. ಹೇಳಿಬಿಡುತ್ತೇನೆ ಎಂದುಕೊಂಡ. ವಾಕ್ಯ ಕೂಡ ಸಿದ್ಧವಿತ್ತು: ಅವಳು ಸರಿಯಾಗಿ ಬರೆದಿದ್ದಳು, ಅಳಿಸಿದವನು ನಾನು. ವಾಕ್ಯ ಚೆನ್ನಾಗಿದೆ ಅನ್ನಿಸಿತು. ಚೆನ್ನಾಗಿದೆ ಅನ್ನಿಸಿದ್ದೇ ಅದನ್ನು ಕೆಡಿಸಿತು. ನಾಳೆ ಊಟದ ಮೇಜುಗಳಲ್ಲಿ, ಎಂಥ ಮನುಷ್ಯ, ಎದ್ದು ನಿಂತು ಹೇಳಿದ ನೋಡಿ ಎಂದು ಜನ ಆಡಿಕೊಳ್ಳುವುದನ್ನೂ ಅವನ ಮನಸ್ಸು ಆಗಲೇ ಕೇಳಿಸಿಕೊಳ್ಳುತ್ತಿತ್ತು. ಥೂ ಎಂದುಕೊಂಡ. ಆಮೇಲೆ ಮುಂದಿನ ಪ್ರಶ್ನೆ ನೆನಪಾಯಿತು: ಯಾಕೆ ಅಳಿಸಿದಿರಿ? ನಿಮಗೆ ಕೇಳಿಸಲಿಲ್ಲವೇ? ಅವನು ಚಹಾದ ಲೋಟವನ್ನು ನೋಡತೊಡಗಿದ. ಲೋಟದ ಅಂಚಿಗೆ ಕೆನೆ ಅಂಟಿಕೊಂಡಿತ್ತು.

ಅಷ್ಟರಲ್ಲಿ ಸಹವೈದ್ಯೆ ಮಾತಾಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ. ಅವಳ ಮುಖ ಅಧ್ಯಕ್ಷನ ಕಡೆ ತಿರುಗಿತ್ತು, ತುಟಿಗಳು ಅವನಿಗೆ ಕಾಣುತ್ತಿರಲಿಲ್ಲ. ಅಧ್ಯಕ್ಷನ ಮುಖ ಅರಳಿದ್ದನ್ನು ಮಾತ್ರ ಕಂಡ. ಗುಮಾಸ್ತ ಬರೆದುಕೊಂಡು, ದೊಡ್ಡ ದನಿಯಲ್ಲಿ ಓದಿ ಹೇಳಿದ: “ರೋಗಿಯ ಎಡ ಎದೆಯ ದೋಷವನ್ನು ನಾನು ಗುರುತಿಸಲಿಲ್ಲ. ಎದೆ ಆಲಿಸುವ ಕೆಲಸಕ್ಕೆ ನನಗೆ ಸಾಕಷ್ಟು ತರಬೇತಿ ಇಲ್ಲ.” ಬಡಗಿಯ ಅಕ್ಕ ಅವಳನ್ನು ನೋಡುತ್ತ ನಿಂತೇ ಇದ್ದಳು. “ಸುಳ್ಳು ಹೇಳ್ತೀರಲ್ಲಮ್ಮ” ಎಂದಳು, ಕೂಗದೆ. ಅಧ್ಯಕ್ಷ ಕೇಳಿಸದವನ ಹಾಗೆ ನಿರ್ಣಯ ಬರೆಸತೊಡಗಿದ. ತಪ್ಪೊಪ್ಪಿಕೊಂಡ ಪ್ರಾಮಾಣಿಕತೆಯನ್ನು ಗಮನಿಸಿ ಹೆಸರನ್ನು ಪಟ್ಟಿಯಿಂದ ತೆಗೆಯುವುದಿಲ್ಲ. ಇವತ್ತಿನಿಂದಲೇ ಈ ಸಹವೈದ್ಯೆ ಯಾವ ರೋಗಿಯ ಎದೆಯನ್ನೂ ಆಲಿಸತಕ್ಕದ್ದಲ್ಲ. ಅನಿವಾರ್ಯವಾದ ಸಂದರ್ಭದಲ್ಲಿ ಮೇಲಿನ ಡಾಕ್ಟರು ಕಾರಣವನ್ನು ಇಂಕಿನಲ್ಲಿ ಬರೆದು ಸಹಿ ಮಾಡಿ ಕೊಟ್ಟರೆ ಮಾತ್ರ ಆಲಿಸಬಹುದು. ಆ ಕಾಗದದ ಪ್ರತಿ ಅದೇ ದಿನ ಮಂಡಳಿಗೆ ತಲುಪಬೇಕು. ಅಧ್ಯಕ್ಷ ಅವನ ಕಡೆ ನೋಡಿ ಕಣ್ಣು ಮಿಟುಕಿಸಿದ. ಅವನ ಎದೆಯ ಭಾರ ಇಳಿಯಿತು. ಇಳಿದದ್ದು ತನಗೆ ಗೊತ್ತಾದಾಗ ತನ್ನಂಥ ನಾಲಾಯಕ್ಕು ಇನ್ನೊಬ್ಬನಿಲ್ಲ ಎಂದೂ ಗೊತ್ತಾಯಿತು, ಆದರೆ ಭಾರ ಇಳಿದೇ ಇತ್ತು.

ಮೆಟ್ಟಿಲ ತಿರುವಿನಲ್ಲಿ ಅವಳನ್ನು ಹಿಡಿದ. ಯಾರೂ ಇಲ್ಲವೆಂದು ಮೇಲೆ ಕೆಳಗೆ ನೋಡಿ “ಯಾಕಮ್ಮ ಹಾಗಂದೆ?” ಎಂದ. ದನಿಯಲ್ಲಿ ಕರುಣೆ ತುಂಬಿಕೊಳ್ಳಲು ನೋಡಿದ. ಅವಳು ನಿಂತಳು. ಅವನ ಎದುರಿಗೆ ತಿರುಗಿ, ಅವನಿಗೆ ತುಟಿ ಕಾಣುವ ಹಾಗೆ, ನಿಧಾನವಾಗಿ ಮಾತಾಡಿದಳು. “ನಿಜ ಹೇಳಿದ್ರೆ ನಂಬ್ತಿದ್ರಾ ಸಾರ್? ಹೋದ ವರ್ಷ ಇನ್ನೊಂದು ಆಸ್ಪತ್ರೆಯೋಳು ಡಾಕ್ಟ್ರೇ ಅಳಿಸಿದ್ರು ಅಂತ ಹೇಳಿದ್ಲು. ಸುಳ್ಳುಗಾತಿ ಅಂತ ಹೆಸರೇ ತೆಗೆದುಹಾಕಿದ್ರು. ತಪ್ಪು ಮಾಡ್ದೋಳು ಅಂದ್ರೆ ಕೆಲಸ ಅರ್ಧ ಉಳಿಯುತ್ತೆ. ನನಗೆ ಮನೇಲಿ ಇಬ್ಬರು ಮಕ್ಕಳು.” “ಅಲ್ಲ, ನಾನೇ ಹೇಳೋಣ ಅಂತಿದ್ದೆ, ಅಷ್ಟರಲ್ಲಿ ನೀನು...” “ಕಾದೆ ಸಾರ್. ಆಯಮ್ಮ ನಿಂತಾಗಿಂದ ಕಾದೆ. ನೀವು ಲೋಟ ನೋಡ್ತಾ ಇದ್ರಿ.” ನಾನು ನೋಡಿಕೊಳ್ಳುತ್ತೇನೆ, ಆರು ತಿಂಗಳು ಹೋಗಲಿ, ಅಧ್ಯಕ್ಷ ನನ್ನ ಮಾತು ಮೀರುವುದಿಲ್ಲ ಎಂದೇನೋ ಅವನು ಶುರುಮಾಡಿದ. “ಬೇಡ ಸಾರ್. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಇನ್ನು ಮೇಲೆ ನೀವೇ ಕೇಳ್ಕೊಳ್ಳಿ” ಎಂದು ಅವಳು ಇಳಿದು ಹೋದಳು. ಅವಳ ಚಪ್ಪಲಿಯ ಸದ್ದು ಎರಡನೆಯ ಮೆಟ್ಟಿಲಿಗೇ ಅವನಿಗೆ ಇಲ್ಲವಾಯಿತು. ಎಷ್ಟು ಸೊಕ್ಕು ಎಂದುಕೊಂಡ. ಹಾಗೆ ಅಂದುಕೊಳ್ಳಲು ಎಷ್ಟು ಪ್ರಯತ್ನಪಟ್ಟನೆಂದರೆ ಕೊನೆಗೆ ಸುಸ್ತಾಯಿತು.

ಮಧ್ಯಾಹ್ನದ ವಾರ್ಡಿನಲ್ಲಿ ಹನ್ನೆರಡು ಮಂಚ. ಅವಳು ಹಾಳೆಗಳನ್ನು ಹಿಡಿದು ಎರಡು ಹೆಜ್ಜೆ ಹಿಂದೆ ಬಂದಳು. ನಾಡಿ, ರಕ್ತದೊತ್ತಡ, ಜ್ವರ ಎಲ್ಲ ಪೆನ್ಸಿಲಿನಲ್ಲಿತ್ತು. ಎದೆ ಎಂಬಲ್ಲಿ ಖಾಲಿ. ಅವನು ಒಂದೊಂದೇ ಮಂಚಕ್ಕೆ ಹೋಗಿ ಸ್ಟೆತಾಸ್ಕೋಪು ಇಟ್ಟ. ಮಂದ ಸದ್ದು, ಗುಂಡಿಗೆಯ ದಪ್ಪ ಬಡಿತ, ಅಷ್ಟೇ. ಅದರಾಚೆಗೆ ಬಾಗಿಲು ಹಾಕಿದ ಮನೆ. ಹಳೆಯ ರೋಗಿಗಳಿಗೆ ನಿನ್ನೆ ಇದ್ದದ್ದನ್ನೇ ಬರೆದ. ಎಂಟನೆಯ ಮಂಚದಲ್ಲಿ ಆಗಷ್ಟೇ ಬಂದವಳು, ಅರವತ್ತು ದಾಟಿದ ಹೆಂಗಸು, ಮಂಚದ ಕಂಬಿ ಹಿಡಿದು ಮುಂದಕ್ಕೆ ಬಾಗಿ ಕೂತು ಉಸಿರಿಗಾಗಿ ಹೆಣಗುತ್ತಿದ್ದಳು. ತುಟಿ ನೀಲಿಗಟ್ಟಿತ್ತು. ಪಕ್ಕದಲ್ಲಿ ಗಂಡ, ಕೈಯಲ್ಲಿ ಅವಳ ಕನ್ನಡಕ. ಹಿಂದಿನ ಕಾಯಿಲೆಯ ಕಾಗದ ಒಂದೂ ಇಲ್ಲ. “ಉಬ್ಬಸ ಇತ್ತಾ? ಹೃದಯದ ತೊಂದರೆ?” “ಎರಡೂ ಅಂತಾರೆ ಸಾರ್.” ಅವನು ಬೆನ್ನು ತಟ್ಟಿದ, ಬೆರಳು ಏನೂ ಹೇಳಲಿಲ್ಲ. ಸ್ಟೆತಾಸ್ಕೋಪು ಇಟ್ಟ. ಒಳಗೆ ಸಿಳ್ಳೆಯಿದ್ದರೆ ಉಬ್ಬಸ, ಪಟಪಟ ಸದ್ದಿದ್ದರೆ ಹೃದಯ ಸೋತು ಶ್ವಾಸಕೋಶದೊಳಗೆ ನೀರು ಜಿನುಗಿದೆ, ತಟ್ಟಿದ ಬೆರಳಿಗೆ ಸಿಗದಂಥ ನೀರು. ಒಂದರ ಔಷಧ ಇನ್ನೊಂದಕ್ಕೆ ಕೊಟ್ಟರೆ ಇದ್ದ ಉಸಿರೂ ಹೋಗಬಹುದು. ಎಕ್ಸ್‌ರೇ ಯಂತ್ರ ಇರುವುದು ಪಕ್ಕದ ಕಟ್ಟಡದಲ್ಲಿ, ಮಲಗಿಸಿ ಕರೆದೊಯ್ದರೆ ದಾರಿಯಲ್ಲೇ ಮುಗಿಯುವ ಹಾಗಿದ್ದಳು. “ಉಸಿರು ಎಳ್ಕೊಳ್ಳಿ” ಎಂದ. “ಇನ್ನೊಂದ್ಸಲ.” ಅವಳು ಎಳೆದಳು, ಕತ್ತಿನ ನರಗಳೆಲ್ಲ ಉಬ್ಬಿದವು. “ಇನ್ನೊಂದ್ಸಲ.” “ಸಾರ್, ಎಷ್ಟು ಸಲ, ಅವಳಿಗೆ ಆಗ್ತಿಲ್ಲ” ಎಂದ ಗಂಡ. ಅವನು ಸ್ಟೆತಾಸ್ಕೋಪನ್ನು ಇನ್ನಷ್ಟು ಒತ್ತಿದ. ಸಿಳ್ಳೆ ಎಂದುಬಿಟ್ಟರೆ ಅರ್ಧಕ್ಕರ್ಧ ಸರಿಯಾಗುವ ಸಾಧ್ಯತೆಯಿದೆ. ಬಡಗಿಗೆ ಅಷ್ಟೂ ಇರಲಿಲ್ಲ.

ತಿರುಗಿ ನೋಡಿದ. ಸಹವೈದ್ಯೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಆದರೆ ಅವಳ ಕಣ್ಣು ರೋಗಿಯ ಬೆನ್ನಿನ ಮೇಲಿತ್ತು, ದವಡೆ ಬಿಗಿದಿತ್ತು. “ನೀನು ನೋಡಮ್ಮ” ಎಂದ. “ಬರೆದುಕೊಡಿ ಸಾರ್.” “ಮೊದಲು ನೋಡು, ಆಮೇಲೆ ಬರೀತೀನಿ.” “ನೀವು ಆಮೇಲೆ ಬರೀತೀರಿ ಅಂತ ನಾನು ಹೇಗೆ ನಂಬ್ಲಿ?” ಎಂದಳು, ಆಗಲೇ ಸ್ಟೆತಾಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಳ್ಳುತ್ತ, ಅದರ ಬಿಲ್ಲೆಯನ್ನು ಆ ಬೆನ್ನಿಗೆ ಒಂದು ಬೆರಳಷ್ಟು ದೂರದಲ್ಲಿ ಹಿಡಿದುಕೊಂಡು. ಅವನು ಹಾಳೆ ಎಳೆದುಕೊಂಡ. ಶೀತದಿಂದ ಕಿವಿ ಕಟ್ಟಿದೆ ಎಂದು ಬರೆಯಲು ಹೊರಟು ‘ಶೀ’ ಎಂಬಲ್ಲಿ ಪೆನ್ನು ನಿಂತಿತು. ನಾಳೆಗೆ ಏನು ಬರೆಯುವುದು, ನಾಡಿದ್ದಿಗೆ? ಹೊಡೆದುಹಾಕಿ ಬರೆದ: ನನಗೆ ಕೇಳಿಸುವುದಿಲ್ಲ. ಬರೆದು ಮುಗಿಯುವ ಮೊದಲೇ ಬಿಲ್ಲೆ ಬೆನ್ನಿಗೆ ಕೂತಿತ್ತು. ಅವಳು ಕಣ್ಣು ಮುಚ್ಚಿದಳು. ಅವನೂ ಗಂಡನೂ ಅವಳ ಮುಖವನ್ನೇ ನೋಡುತ್ತ ನಿಂತರು. “ಎರಡೂ ಕಡೆ ನೀರು. ಸಿಳ್ಳೆ ಇಲ್ಲ. ಹೃದಯ ಸಾರ್” ಎಂದಳು. ಅವನು ಔಷಧ ಹೇಳಿದ, ನರ್ಸು ಓಡಿದಳು, ಸೂಜಿ, ಆಮ್ಲಜನಕದ ಮುಖವಾಡ, ಮೂತ್ರದ ಕೊಳವೆ. ಅರ್ಧ ಗಂಟೆಯಲ್ಲಿ ಹೆಂಗಸು ಕಂಬಿಯಿಂದ ಕೈಬಿಟ್ಟು ದಿಂಬಿಗೆ ಒರಗಿದಳು. ಗಂಡ ಅವಳಿಗೆ ಕನ್ನಡಕ ಹಾಕಿದ. ಆಮೇಲೆ ಸಹವೈದ್ಯೆಯ ಎರಡೂ ಕೈ ಹಿಡಿದುಕೊಂಡು ಏನೋ ಹೇಳಿದ, ಅವನಿಗೆ ಬೆನ್ನು ಮಾಡಿ.

ಅವನು ಕೊನೆಯ ಮಂಚ ಮುಗಿಸಿ ಕಿಟಕಿಯ ಹತ್ತಿರದ ಮೇಜಿಗೆ ಬಂದು ಕೂತಾಗ ಅವಳು ಆ ಕಾಗದ ತಂದು ಮುಂದಿಟ್ಟಳು. ಈಗ ಅವಸರವಿರಲಿಲ್ಲ, ಯಾರೂ ಸಾಯುತ್ತಿರಲಿಲ್ಲ. ಬೇಕಾದರೆ ಹರಿದುಹಾಕಿ ಇನ್ನೊಂದು ಬರೆಯಬಹುದಿತ್ತು. ತಡೆಯುವಷ್ಟು ಅಧಿಕಾರ ಅವಳಿಗಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. “ಪ್ರತಿ ಇವತ್ತೇ ಮಂಡಳಿಗೆ ಹೋಗುತ್ತೆ ಸಾರ್. ಯಾವತ್ತಿಂದ ಅಂತ ಬರೆದಿಲ್ಲ.” ಅವನು ಮುಖವೆತ್ತಿದ. ಅವಳು ಕಣ್ಣು ತೆಗೆಯಲಿಲ್ಲ. ಯಾವತ್ತಿಂದ ಎಂದು ಬರೆದರೆ ಬಡಗಿಯ ಹಾಳೆಯನ್ನು ಮತ್ತೆ ಬೆಳಕಿಗೆ ಹಿಡಿಯುತ್ತಾರೆ. ಆ ಸದಸ್ಯೆಯ ಹೆಬ್ಬೆರಳು ಆ ತರಿಯ ಮೇಲೆ ಇನ್ನೊಂದು ಸಲ ಆಡುತ್ತದೆ. ಜೊತೆಯಲ್ಲಿ ಓದಿದವನು ಗುರುತೇ ಇಲ್ಲದವನ ಹಾಗೆ ‘ನೀವು’ ಅನ್ನುತ್ತಾನೆ. ಹದಿನೆಂಟು ವರ್ಷದ ಹೆಸರು. ಎರಡು ವರ್ಷದಲ್ಲಿ ತಾನು ಇಂಕು ಹಚ್ಚಿದ ಸಾವಿರಾರು ಎದೆಗಳು. ಅವನು ಪೆನ್ನಿನ ಮುಚ್ಚಳ ತೆಗೆದು ಬರೆದ: ಎರಡು ವರ್ಷ ಮೂರು ತಿಂಗಳಿಂದ. ಸ್ವಲ್ಪ ತಡೆದು, ಸತ್ತ ಬಡಗಿಯ ಹಾಳೆಯ ನಂಬರನ್ನೂ ಬರೆದ. ಅದು ಅವನಿಗೆ ಬಾಯಿಪಾಠವಾಗಿತ್ತು. ‘ಸಹವೈದ್ಯೆ ಸರಿಯಾಗಿ ಬರೆದಿದ್ದರು. ಅಳಿಸಿದವನು ನಾನು.’

ಬರೆದಾದ ಮೇಲೆ ಕಣ್ಣು ಒದ್ದೆಯಾದಂತೆ ಅನ್ನಿಸಿತು. ದೊಡ್ಡದೇನೋ ಮಾಡಿದೆ, ಈಗ ಅವಳು ಏನಾದರೂ ಅನ್ನುತ್ತಾಳೆ, ಒಂದು ಮಾತು, ಅಷ್ಟು ಸಾಕು ಎಂದು ಕಾಗದವನ್ನು ಅವಳ ಕಡೆ ಸರಿಸಿ ಕಾದ. ಅವಳು ಎತ್ತಿಕೊಂಡು ಮೊದಲಿಂದ ಕೊನೆಯವರೆಗೆ ಓದಿದಳು. ಮುಖದಲ್ಲಿದ್ದ ತಿರಸ್ಕಾರ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಕಾಗದವನ್ನು ಮತ್ತೆ ಮೇಜಿನ ಮೇಲಿಟ್ಟು, ಕೆಳಗಿನ ಖಾಲಿ ಜಾಗಕ್ಕೆ ಬೆರಳು ತೋರಿಸಿದಳು.

“ಸಹಿ ಹಾಕಿಲ್ಲ ಸಾರ್” ಎಂದಳು.

ಅವನು ಸಹಿ ಹಾಕಿದ.